ಸುಳ್ಳು ವಿಳಾಸದ ಲೆಕ್ಕ

ಇವತ್ತು ಬದಿಯಡ್ಕದ ಅಕ್ಕನ ಮನೆಯ ವೈಫೈಯಲ್ಲಿ ಸ್ಪೂಫರ್ ಓಡಿಸಿದೆ. ಕಳಿಸಿದವರ ಜಾಗದಲ್ಲಿ ಸುಳ್ಳು ಐಪಿ ವಿಳಾಸ ಹಾಕಿದ ಪ್ಯಾಕೆಟ್ (ನೆಟ್‌ನಲ್ಲಿ ಹೋಗುವ ಡೇಟಾದ ಸಣ್ಣ ತುಂಡು) ಹೊರಗಿನ ಸರ್ವರ್‌ಗೆ ಮುಟ್ಟುತ್ತದಾ ಅಂತ ನೋಡುವ ಪ್ರೋಗ್ರಾಂ ಅದು.

"ಯಾರದ್ದೋ ಹೆಸರಲ್ಲಿ ಕಳಿಸುವುದಾ? ಪೊಲೀಸ್ ಬಂದರೆ ಎಂತ ಮಾಡುವುದು?" ಅಂದಳು ಅಕ್ಕ.

ಅಂಚೆಯವರು ಕವರ್ ಯಾರಿಗೆ ಅಂತ ನೋಡ್ತಾರೆ, ಯಾರಿಂದ ಅಂತ ನೋಡ್ತಾರಾ? ರೂಟರೂ ಹಾಗೆಯೇ ಅಂದೆ.

ಫಲಿತಾಂಶ ಬಂತು. ಪ್ಯಾಕೆಟ್ ಮುಟ್ಟಿದೆ, ವಿಳಾಸ ಮಾತ್ರ ಬದಲಾಗಿದೆ. ಟಿವಿ ಪಕ್ಕ ಹಸಿರು ದೀಪ ಮಿಣುಕಿಸುತ್ತಾ ಕೂತಿದ್ದ ಮೋಡೆಮ್, ನ್ಯಾಟ್ ಮಾಡಿ, ಅಂದರೆ ಹೊರಗೆ ಹೋಗುವ ಪ್ಯಾಕೆಟ್‌ಗೆ ತನ್ನದೇ ವಿಳಾಸ ಹಾಕಿ, ನನ್ನ ಸುಳ್ಳನ್ನು ತಿದ್ದಿ ಕಳಿಸಿತ್ತು! ಹಾಗಾದರೆ ಇಂಟರ್ನೆಟ್ ಕಂಪನಿಯ ಕಡೆ ಸುಳ್ಳು ವಿಳಾಸ ತಡೆಯುವ ಫಿಲ್ಟರ್ ಇದೆಯೋ ಇಲ್ಲವೋ? ಗೊತ್ತಾಗಲೇ ಇಲ್ಲ.

ಕಷ್ಟ ಇರುವುದೇ ಇಲ್ಲಿ. ಹೊರಗೆ ನಿಂತು ಅಳೆಯುವುದು ಸುಲಭ ಅಲ್ಲ, ಆ ನೆಟ್‌ವರ್ಕ್ ಒಳಗೆ ಕೂತ ಯಾರಾದರೂ ಮನಸ್ಸು ಮಾಡಿ ಓಡಿಸಬೇಕು. 2005ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾಗಿ ಆಮೇಲೆ ಇಂಟರ್ನೆಟ್ ಅಳೆಯುವ ಸಂಶೋಧನಾ ಸಂಸ್ಥೆ ಕೈಡಾದ ಕೈಗೆ ಬಂದ ಈ ಅಳತೆ ನಿಂತಿರುವುದೇ ಅಂಥವರ ಮೇಲೆ. ಓಡಿಸುವವರು ಯಾರು? ನನ್ನ ಹಾಗೆ ಇದರ ಹುಚ್ಚು ಹಿಡಿದವರು.

ಸುಳ್ಳು ವಿಳಾಸ ತಡೆಯಿರಿ ಅಂತ ಇಂಟರ್ನೆಟ್ ಕಂಪನಿಗಳಿಗೆ ಹೇಳುವ ಬಿಸಿಪಿ 38 ಎಂಬ ಶಿಫಾರಸು 2000ದಲ್ಲೇ ಬಂದಿದೆ. ಆದರೆ ತಡೆದರೆ ದಾಳಿಯಿಂದ ಉಳಿಯುವ ಲಾಭ ಪಕ್ಕದ ನೆಟ್‌ವರ್ಕ್‌ನವರಿಗೆ, ಖರ್ಚು ತಡೆದ ಕಂಪನಿಗೆ. ಯಾರು ಕೇಳ್ತಾರೆ, ಅಲ್ವಾ?

ಕುಂಬಳೆ, ಮಂಜೇಶ್ವರ ಕಡೆ ನ್ಯಾಟ್ ಇಲ್ಲದ ಲೈನ್ ಯಾರಲ್ಲಾದರೂ ಇದ್ದರೆ ಹೇಳಿ. ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತೇನೆ, ಚಾ ಮಾತ್ರ ನಿಮ್ಮದು.