‘ಮಾಚ್೯’ ತಿಂಗಳಲ್ಲಿ ಕಳೆದುಹೋದ ಕ್ಲಿಕ್‌ಗಳು: ಹೂಮರಗಳ ತಾಣದ ದುರಸ್ತಿ ಟಿಪ್ಪಣಿ

ಪಿಂಕ್ ಹೂವಿನ ಮರದ ಪುಟ ಕೊನೆಗೂ ದಾರಿಗೆ ಬಂತು. ಬೆಂಗಳೂರಿನ ರಸ್ತೆಬದಿ ಮರಗಳ ಈ ಕನ್ನಡ ತಾಣದಲ್ಲಿ ಅತಿ ಹೆಚ್ಚು ಇಂಪ್ರೆಷನ್ (ಹುಡುಕಾಟದ ಫಲಿತಾಂಶದಲ್ಲಿ ಕಾಣಿಸಿಕೊಂಡ ಸಲ) ಇರುವುದು ಅದಕ್ಕೇ, ಕ್ಲಿಕ್ ಬರದೆ ಒಣಗುತ್ತಿದ್ದದ್ದೂ ಅದೇ. ಟೈಟಲ್ ಮೂರು ಸಲ ಬದಲಾಯಿತು, ಮೆಟಾ ಡಿಸ್ಕ್ರಿಪ್ಷನ್ (ಹುಡುಕಾಟಕ್ಕೆಂದು ಬರೆದಿಡುವ ಪುಟದ ಸಾರಾಂಶ) ಎರಡು ಸಲ. ಪುಟ ಜಗ್ಗಲೇ ಇಲ್ಲ. ತಪ್ಪು ಕೂತಿದ್ದದ್ದು ಒಂದು ಸೊನ್ನೆಯಲ್ಲಿ, ಒಂದು ಒಂಬತ್ತರಲ್ಲಿ. ಸೈಟ್‌ಮ್ಯಾಪ್, ಗೂಗಲ್ ಹುಡುಕಾಟದ ಲೆಕ್ಕ ತೋರಿಸುವ ಸರ್ಚ್ ಕನ್ಸೋಲ್ ಜೋಡಣೆ ಎಲ್ಲರೂ ಮಾಡಿಕೊಂಡಿರುತ್ತೀರಿ, ಆ ಮಾತು ಬಿಟ್ಟು ನೇರ ವಿಷಯಕ್ಕೆ.

ಮೊದಲು ಸರಾಸರಿಯನ್ನು ಒಡೆಯಬೇಕು. ಒಂದು ಪುಟಕ್ಕೆ 2,000 ಇಂಪ್ರೆಷನ್, 36 ಕ್ಲಿಕ್ ಎಂದಿಟ್ಟುಕೊಳ್ಳಿ. ಸಿಟಿಆರ್ (ನೂರು ಇಂಪ್ರೆಷನ್‌ಗೆ ಎಷ್ಟು ಕ್ಲಿಕ್) ಶೇ 1.8, ನೋಡಿದರೆ ಟೈಟಲ್ ಕೆಟ್ಟದಾಗಿದೆ ಅನ್ನಿಸುತ್ತದೆ. ಕ್ವೆರಿ (ಜನ ಹುಡುಕಲು ಬರೆಯುವ ಮಾತು) ಬೇರೆ ಮಾಡಿ ನೋಡಿ: ಒಂದರಲ್ಲಿ 200ಕ್ಕೆ 30 ಕ್ಲಿಕ್, ಅಂದರೆ ಶೇ 15. ಇನ್ನೊಂದರಲ್ಲಿ 1,800ಕ್ಕೆ 6, ಶೇ 0.33. ಮೊದಲನೆಯದಕ್ಕೆ ಔಷಧಿಯೇ ಬೇಡ. ಎರಡನೆಯದು 35ನೇ ಸ್ಥಾನದಲ್ಲಿದ್ದರೆ ಅದು ಟೈಟಲ್‌ನ ಕಾಯಿಲೆಯಲ್ಲ, ಪುಟ ಇನ್ನೂ ಮೇಲೇರಬೇಕು ಅಷ್ಟೆ. 3 ಅಥವಾ 4ನೇ ಸ್ಥಾನದಲ್ಲಿದ್ದೂ ಶೇ 0.33 ಎಂದರೆ ಮಾತ್ರ ಜನ ಫಲಿತಾಂಶವನ್ನು ಓದಿ ಮುಂದೆ ಹೋಗುತ್ತಿದ್ದಾರೆ ಎಂದರ್ಥ. ಆದ್ದರಿಂದ ಪುಟ ಒಂದು, ಕ್ವೆರಿ ಒಂದು, ಡಿವೈಸ್ ಮೊಬೈಲ್, ದೇಶ ಭಾರತ, ಸರ್ಚ್ ಟೈಪ್ ವೆಬ್ ಎಂದು ಫಿಲ್ಟರ್ ಹಾಕಿಯೇ ಓದಬೇಕು. ಕನ್ನಡ ಲಿಪಿಯ ಕ್ವೆರಿಗಳಷ್ಟೇ ಬೇಕಾದರೆ ಕಸ್ಟಮ್ ರಿಜೆಕ್ಸ್ (ಮಾದರಿ ಹೇಳಿ ಪಠ್ಯ ಹುಡುಕುವ ಸೂತ್ರ) ಆರಿಸಿ [ಅ-ಹ] ಎಂದು ಹಾಕಿದರೆ ಸಾಕು. ಖಾಸಗಿತನಕ್ಕಾಗಿ ಗೂಗಲ್ ಅಪರೂಪದ ಕ್ವೆರಿಗಳನ್ನು ಮುಚ್ಚಿಡುತ್ತದೆ. ಫಿಲ್ಟರ್ ಹಾಕಿದ ಮೇಲೆ ಒಟ್ಟು ಮೊತ್ತ ತಾಳೆಯಾಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕ್ವೆರಿಗಳ ಪಟ್ಟಿಯೇ ಒಂದು ಪಾಠ. ಕಬ್ಬನ್ ಪಾರ್ಕ್ ಪಕ್ಕ ಸಿಗ್ನಲ್‌ನಲ್ಲಿ ನಿಂತವರಿಗೆ ‘ಟಬೆಬುಯಾ ರೋಸಿಯಾ’ ಎಂಬ ಹೆಸರು ಗೊತ್ತಿರುವುದಿಲ್ಲ. ಅವರು ಬರೆಯುವುದು ‘ಪಿಂಕ್ ಹೂವಿನ ಮರ ಬೆಂಗಳೂರು’. ಹೆಸರು ಗೊತ್ತಿದ್ದವರು ಹುಡುಕುವುದೇ ಕಡಿಮೆ. ಪುಟದ ಟೈಟಲ್ ಅವರು ನೋಡಿದ್ದನ್ನು ಹೇಳಬೇಕು, ನಮಗೆ ಗೊತ್ತಿರುವುದನ್ನಲ್ಲ. ‘ಪಿಂಕ್ ಹೂವಿನ ಮರ: ಬೆಂಗಳೂರಿನಲ್ಲಿ ಅರಳುವ ತಿಂಗಳು, ಹೆಸರು, ಗುರುತು’ ಎಂದು ಬರೆದದ್ದು ಅದಕ್ಕೇ. ಹಾಗಿದ್ದೂ ಕ್ಲಿಕ್ ಇಲ್ಲ.

ಆಗ ಫೋನಿನಲ್ಲಿ ಅದೇ ಕ್ವೆರಿ ಹಾಕಿ ಫಲಿತಾಂಶವನ್ನು ಅಕ್ಷರ ಬಿಡದೆ ಓದಿದಾಗ ಕಂಡದ್ದು: ಟೈಟಲ್ ಕೆಳಗಿನ ಕಿರುಪಠ್ಯದಲ್ಲಿ (ಸ್ನಿಪೆಟ್) ಹೂ ಅರಳುವ ತಿಂಗಳ ಮಾತೇ ಇಲ್ಲ. ಪುಟದ ತಳದಲ್ಲಿದ್ದ ಚಿತ್ರದ ಅಡಿಬರಹ ಅಲ್ಲಿ ಬಂದು ಕೂತಿತ್ತು. ಗೂಗಲ್ ಸ್ನಿಪೆಟ್ಟನ್ನು ಮುಖ್ಯವಾಗಿ ಪುಟದ ಪಠ್ಯದಿಂದಲೇ ಆರಿಸುತ್ತದೆ, ಕ್ವೆರಿ ಬದಲಾದಂತೆ ಅದೂ ಬದಲಾಗುತ್ತದೆ, ಮೆಟಾ ಡಿಸ್ಕ್ರಿಪ್ಷನ್ ಹೆಚ್ಚು ಹೊಂದುತ್ತದೆ ಅನ್ನಿಸಿದಾಗ ಮಾತ್ರ ಅದನ್ನು ತೋರಿಸುತ್ತದೆ. ಹಾಗಾದರೆ ಅಷ್ಟು ಚೆನ್ನಾದ ಮೊದಲ ಪ್ಯಾರಾ ಬಿಟ್ಟು ಅಡಿಬರಹವನ್ನು ಎತ್ತಿಕೊಂಡದ್ದೇಕೆ?

ಪುಟ ತೆರೆದು ಬ್ರೌಸರಿನ ಫೈಂಡ್‌ನಲ್ಲಿ ‘ಪಿಂಕ್’ ಎಂದು ಹುಡುಕಿದರೆ ಸಿಕ್ಕಿದ್ದು ಒಂದೇ ಕಡೆ: ಆ ಅಡಿಬರಹದಲ್ಲಿ. ಕಣ್ಣಿಗೆ ಮಾತ್ರ ಪುಟದ ತುಂಬ ‘ಪಿಂಕ್’. ಮೊದಲ ಪ್ಯಾರಾದಲ್ಲಿದ್ದದ್ದು ‘ಪಿ೦ಕ್’. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ಅದೇ ಪ್ಯಾರಾದಲ್ಲಿ ‘ಬೆ೦ಗಳೂರು’, ‘ಕಬ್ಬನ್ ಪಾಕ್೯’, ‘ಮಾಚ್೯’. ಅರ್ಕಾವೊತ್ತಿನ ಜಾಗದಲ್ಲಿ ಅಂಕಿ ಒಂಬತ್ತು. ಬಣ್ಣ, ಊರು, ಪಾರ್ಕು, ತಿಂಗಳು: ಜನ ಹುಡುಕುವ ನಾಲ್ಕಕ್ಕೆ ನಾಲ್ಕು ಪದವೂ ಒಡೆದುಹೋಗಿತ್ತು. ಹಳೆಯ ಟೈಪಿಂಗ್ ಫೈಲಿನಿಂದ ಬಂದ ಪಠ್ಯ ಅದು. ಅಡಿಬರಹ ಮಾತ್ರ ಆಮೇಲೆ ಫೋನಿನಲ್ಲಿ ಸರಿಯಾಗಿ ಒತ್ತಿದ್ದು.

ಅನುಸ್ವಾರ ಯುನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ) 0ಸಿ82, ಸೊನ್ನೆ 0ಸಿಇ6. ನೋಟ ಒಂದೇ, ಕೋಡ್ ಬೇರೆ. ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನು ಕೂಡಿಸುವ ಯುನಿಕೋಡ್ ನಾರ್ಮಲೈಸೇಷನ್ ಇವೆರಡನ್ನು ಒಂದು ಮಾಡುವುದಿಲ್ಲ. ಅದರ ಒಂದು ಬಗೆಯಾದ ಎನ್‌ಎಫ್‌ಸಿ ಓಡಿಸಿದರೆ ‘ಕೆ’ಗೆ ದೀರ್ಘ ಬೇರೆ ಅಂಟಿಸಿದ ‘ಕೇ’ ಒಂದಾಗುತ್ತದೆ, ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ದೃಷ್ಟಿ ಇಲ್ಲದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳಿದರೆ ‘ಮಾಚ್ ಒಂಬತ್ತು’. ಕ್ಲಿಕ್ಕಿನ ಮಾತು ಹಾಗಿರಲಿ, ಇದೊಂದೇ ಕಾರಣಕ್ಕಾದರೂ ತಿದ್ದಬೇಕಿತ್ತು.

ತಿದ್ದುವ ಕ್ರಮ ಮುಖ್ಯ. ಮೊದಲು ಎನ್‌ಎಫ್‌ಸಿ. ಆಮೇಲೆ ಒಂಬತ್ತು. ಕೊನೆಗೆ ಸೊನ್ನೆ. ಸೊನ್ನೆ ಸುಲಭ:

([ಅ-ೌ])೦ ಹುಡುಕಿ, $1ಂ ಹಾಕಿ.

$1 ಎಂದರೆ ದುಂಡು ಆವರಣದೊಳಗೆ ಸಿಕ್ಕ ಭಾಗ. ಅಕ್ಷರ ಅಥವಾ ಸ್ವರಚಿಹ್ನೆಯ ಬೆನ್ನಿಗೆ ಬಂದ ಸೊನ್ನೆ ಮಾತ್ರ ಬದಲಾಗುತ್ತದೆ, ‘೧೦’ರ ಸೊನ್ನೆ ಹಾಗೇ ಉಳಿಯುತ್ತದೆ. ಒಂಬತ್ತು ತೊಡಕಿನದು, ಏಕೆಂದರೆ ಅರ್ಕಾವೊತ್ತು ಕಾಣುವುದು ಅಕ್ಷರದ ಬಲಕ್ಕೆ, ಯುನಿಕೋಡ್‌ನಲ್ಲಿ ‘ರ್’ ಇರುವುದು ಅದರ ಎಡಕ್ಕೆ. ಆದ್ದರಿಂದ ಬದಲಿಸಿದರೆ ಸಾಲದು, ಇಡೀ ಅಕ್ಷರವನ್ನು ದಾಟಿಸಿ ಹಿಂದಕ್ಕೆ ಒಯ್ಯಬೇಕು:

([ಕ-ಹ](?:್[ಕ-ಹ])*[ಾ-್]?)೯ ಹುಡುಕಿ, ರ್$1 ಹಾಕಿ.

‘ವಷ೯’ ವರ್ಷವಾಗುತ್ತದೆ, ‘ಮಾಚ್೯’ ಮಾರ್ಚ್ ಆಗುತ್ತದೆ. ನಡುವಿನ ಗುಂಪು ಬಿಟ್ಟರೆ ‘ಸಾಮಥ್ಯ೯’ದಂಥ ಒತ್ತಕ್ಷರದಲ್ಲಿ ‘ರ್’ ಒತ್ತಿನ ನಡುವೆ ಸಿಕ್ಕಿಕೊಳ್ಳುತ್ತದೆ. ಒಂಬತ್ತನ್ನು ಮೊದಲು ತಿದ್ದಲೇಬೇಕಾದ್ದಕ್ಕೆ ‘ಪಯ೯೦ತ’ ಸಾಕ್ಷಿ: ಸೊನ್ನೆಯ ಹಿಂದೆ ಅಂಕಿ ಇರುವುದರಿಂದ ಸೊನ್ನೆಯ ಸೂತ್ರ ಅದನ್ನು ಮುಟ್ಟದೆ ಬಿಡುತ್ತದೆ.

ಈ ಸೂತ್ರವನ್ನು ಕಣ್ಣುಮುಚ್ಚಿ ಓಡಿಸಬೇಡಿ. ಜಯನಗರಕ್ಕೆ ಒಂಬತ್ತನೇ ಬ್ಲಾಕ್ ಇದೆ. ‘ಬ್ಲಾಕ್೯’ ಎಂದು ಜಾಗ ಬಿಡದೆ ಬರೆದಿದ್ದರೆ ಅದು ‘ಬ್ಲಾರ್ಕ್’ ಆಗಿ ಕೂರುತ್ತದೆ. ಸೂತ್ರಕ್ಕೆ ಸಿಕ್ಕ ಪದಗಳನ್ನೆಲ್ಲ ಶೀಟ್‌ಗೆ ಇಳಿಸಿ, ನಕಲು ತೆಗೆದು, ಒಂದೊಂದನ್ನೂ ಕಣ್ಣಲ್ಲಿ ನೋಡಿದ ಮೇಲೆಯೇ ಬದಲಿಸಬೇಕು. ಗೂಗಲ್ ಶೀಟ್ಸ್‌ನ ರಿಜೆಕ್ಸ್ ಫಂಕ್ಷನ್‌ಗಳಲ್ಲಿ ಮೇಲಿನ ಎರಡೂ ಸೂತ್ರ ನಡೆಯುತ್ತವೆ. ಪುಟದ ಯುಆರ್‌ಎಲ್‌ನಲ್ಲೇ ಸೊನ್ನೆ ಸೇರಿದ್ದರೆ 301 ರಿಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ ಏರ್ಪಾಡು) ಇಲ್ಲದೆ ಅದನ್ನು ಮುಟ್ಟಬೇಡಿ. ವರ್ಡ್‌ಪ್ರೆಸ್ ಇರುವವರು ಡೇಟಾಬೇಸಿಗೆ ನೇರ ಎಸ್‌ಕ್ಯುಎಲ್ ಆಜ್ಞೆ ಹಾಕಲೇಬಾರದು. ಥೀಮ್ ಸೆಟ್ಟಿಂಗ್‌ಗಳಲ್ಲಿ ಪಠ್ಯದ ಜೊತೆ ಅದರ ಬೈಟ್ ಉದ್ದವೂ ಬರೆದಿರುತ್ತದೆ. ಸೊನ್ನೆ, ಅನುಸ್ವಾರ ಎರಡೂ ಯುಟಿಎಫ್-8ರಲ್ಲಿ 3 ಬೈಟ್, ತೊಂದರೆ ಕಾಣುವುದಿಲ್ಲ. ‘೯’ ಹೋಗಿ ‘ರ್’ ಬಂದರೆ 3 ಬೈಟ್ 6 ಆಗುತ್ತದೆ, ಆ ಸೆಟ್ಟಿಂಗ್ ಪೂರ್ತಿ ಓದಲಾಗದೆ ಹೋಗುತ್ತದೆ. ಸೀರಿಯಲೈಸ್ ಆದ (ಹೀಗೆ ಉದ್ದದ ಜೊತೆ ಬರೆದಿಟ್ಟ) ಡೇಟಾ ಗೊತ್ತಿರುವ ಸರ್ಚ್-ರಿಪ್ಲೇಸ್ ಕಮಾಂಡನ್ನೇ ಬಳಸಿ.

ತಿದ್ದಿ, ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಮರು ಇಂಡೆಕ್ಸಿಂಗ್ ಕೇಳಿ, ಗೂಗಲ್ ಪುಟವನ್ನು ಮತ್ತೆ ಓದಿಕೊಂಡ (ಕ್ರಾಲ್) ಮೇಲೆ ಸ್ನಿಪೆಟ್‌ಗೆ ಮೊದಲ ಪ್ಯಾರಾ ಬಂತು. ‘ಪಿಂಕ್’, ‘ಬೆಂಗಳೂರು’ ದಪ್ಪಕ್ಷರದಲ್ಲಿ ಎದ್ದು ಕಂಡವು. ಅದೇ ಟೈಟಲ್, ಅದೇ ಸ್ಥಾನ. ಕ್ಲಿಕ್ ಬರತೊಡಗಿತು.

ಇಲ್ಲಿ ಮುಂದಿನ ಕೆಲಸದ ಒಂದು ಮಾತು ಹೇಳಿಬಿಡಬೇಕು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದವರು. ಆ ಸರದಿಯನ್ನೇ ಒಂದು ಪುಟವಾಗಿಸಬೇಕು: ಟಬೆಬುಯಾ, ಜಕರಾಂಡ, ಹೊಂಗೆ, ಗುಲ್‌ಮೊಹರ್, ತಿಂಗಳಿಗೊಂದು ಸಾಲು, ಸಾಲಿಗೊಂದು ಫೋಟೊ. ಇಮೇಜ್ ಸರ್ಚ್‌ನಿಂದ ಬರುವವರಿಗೆ ಅದೇ ಬಾಗಿಲು. ಎಲೆಯ ಹತ್ತಿರದ ಚಿತ್ರ, ಕಾಯಿ, ತೊಗಟೆ ಬೇರೆ ಬೇರೆ ಫೈಲಾಗಿ, ಚಿತ್ರದ ವಿವರಣೆಯಾದ ಆಲ್ಟ್ ಪಠ್ಯದಲ್ಲಿ ಜನ ಕರೆಯುವ ಹೆಸರು. ಸದ್ಯಕ್ಕೆ ಇಷ್ಟು ಸಾಕು.

ಟೈಟಲ್ ವಿಷಯದಲ್ಲಿ ಇನ್ನೊಂದು ಜಗಳ ಬಾಕಿ ಇತ್ತು. ಉಳಿದ ಕೆಲವು ಪುಟಗಳಲ್ಲಿ ಗೂಗಲ್ ನಮ್ಮ ಟೈಟಲ್ ಬಿಟ್ಟು ತಾಣದ ಹೆಸರನ್ನಷ್ಟೇ ತೋರಿಸುತ್ತಿತ್ತು. 2021ರ ಆಗಸ್ಟ್‌ನಲ್ಲಿ ಟೈಟಲ್ ಆರಿಸುವ ಕ್ರಮ ಬದಲಾಯಿತು. ಅದಾದ ಮೇಲೆ ಗೂಗಲ್ ತಾನೇ ಹೇಳಿದ್ದು, ಸುಮಾರು ಶೇ 87ರಷ್ಟು ಸಲ ಟೈಟಲ್ ಟ್ಯಾಗನ್ನೇ ಬಳಸುತ್ತೇವೆ ಎಂದು. ಮಿಕ್ಕ ಕಡೆ ಎಚ್‌1 (ಪುಟದ ಮುಖ್ಯ ಶೀರ್ಷಿಕೆಯ ಟ್ಯಾಗ್), ಪುಟದ ದೊಡ್ಡ ಅಕ್ಷರ, ಲಿಂಕ್ ಪಠ್ಯ ಇವುಗಳಿಂದ ಎತ್ತಿಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡ ಥೀಮ್ ಪ್ರತಿ ಪುಟದಲ್ಲೂ ಲೋಗೋವನ್ನು ಎಚ್‌1 ಒಳಗೆ ಸುತ್ತಿಟ್ಟಿತ್ತು, ಮರದ ಹೆಸರು ಎಚ್‌2 ಆಗಿತ್ತು. ಮಾರಾಟಗಾರರಿಗೆ ಬರೆದರೆ ‘ವಿನ್ಯಾಸ ಇರುವುದೇ ಹಾಗೆ’ ಎಂಬ ಉತ್ತರ. ಮೂಲ ಥೀಮ್ ಮುಟ್ಟದೆ ಬದಲಾವಣೆಗಳನ್ನಷ್ಟೇ ಇಡುವ ಚೈಲ್ಡ್ ಥೀಮ್‌ನಲ್ಲಿ ಹೆಡರ್ ಫೈಲ್ ನಕಲಿಸಿ, ಲೋಗೋವನ್ನು ಸಾದಾ ಡಿವ್ ಟ್ಯಾಗಿಗೆ ಹಾಕಿ, ಮರದ ಹೆಸರಿಗೆ ಎಚ್‌1 ಕೊಟ್ಟು, ಟೈಟಲ್‌ಗೂ ಎಚ್‌1ಗೂ ಮೊದಲ ಪದ ಒಂದೇ ಇರುವಂತೆ ನೋಡಿಕೊಂಡರೆ ಕೆಲಸ ಮುಗಿಯಿತು.

ಎಸ್‌ಇಒ (ಪುಟವನ್ನು ಹುಡುಕಾಟಕ್ಕೆ ಹೊಂದಿಸುವ) ಪ್ಲಗಿನ್‌ಗಳ ಹಸಿರು-ಕೆಂಪು ದೀಪವನ್ನು ಕನ್ನಡಕ್ಕೆ ನಂಬಬೇಡಿ. ‘ಸ್ತ್ರೀ’ ನಮಗೆ ಒಂದಕ್ಷರ, ಕೋಡ್ ಪಾಯಿಂಟ್ ಲೆಕ್ಕದಲ್ಲಿ 6. ಪ್ಲಗಿನ್ 60 ಅಕ್ಷರ ದಾಟಿತೆಂದು ಕೆಂಪು ತೋರಿಸುವಾಗ ಫೋನಿನಲ್ಲಿ ಜಾಗ ಇನ್ನೂ ಇರುತ್ತದೆ. ಟೈಟಲ್ ಕತ್ತರಿಸುವುದು ಪರದೆಯ ಅಗಲ, ಅಕ್ಷರಗಳ ಎಣಿಕೆಯಲ್ಲ. ಸಣ್ಣ ಪರದೆಯ ಫೋನಿನಲ್ಲಿ ನೋಡಿ, ಮುಖ್ಯ ಪದ ಮುಂದಿಡಿ.

ಕ್ಲಿಕ್ ಬಂದ ಮೇಲಿನ ಕಥೆ. ಮೊದಲು ಪುಟ ತೆರೆದರೆ ಪರದೆ ತುಂಬ ಫೋಟೊ, ಅದರ ಕೆಳಗೆ ಪರಿಚಯ, ಅದರ ಕೆಳಗೆ ತಿಂಗಳು. ಕೇಳಿದ ಪ್ರಶ್ನೆಗೆ ಉತ್ತರ ಮೂರನೇ ಸ್ಕ್ರೋಲ್‌ನಲ್ಲಿ. ಈಗ ಎಚ್‌1 ಕೆಳಗೇ ಎರಡು ಸಾಲಿನಲ್ಲಿ ಹೆಸರು, ತಿಂಗಳು, ಎಲ್ಲಿ ನೋಡಬಹುದು. ಆಮೇಲೆ ಫೋಟೊ. ಆ ಫೋಟೊಗೆ ಲೇಜಿ ಲೋಡಿಂಗ್ (ಪರದೆಯ ಹತ್ತಿರ ಬರುವವರೆಗೆ ಚಿತ್ರ ಇಳಿಸದಿರುವುದು) ಹಾಕಿದ್ದು ತಪ್ಪಾಗಿತ್ತು. ಮೊದಲ ಪರದೆಯ ಚಿತ್ರಕ್ಕೆ ಅದು ಕೂಡದು, ಎಲ್‌ಸಿಪಿ (ಪರದೆಯ ಅತಿ ದೊಡ್ಡ ಭಾಗ ಕಾಣಲು ಹಿಡಿಯುವ ಹೊತ್ತು) 2.5 ಸೆಕೆಂಡಿನೊಳಗೆ ಬರಬೇಕಾದರೆ ಅದೇ ಮೊದಲು ಇಳಿಯಬೇಕು.

ಫಾಂಟ್ ಇನ್ನೊಂದು ಪೆಟ್ಟು. ವೆಬ್‌ಗೆಂದು ಕುಗ್ಗಿಸಿದ ಡಬ್ಲ್ಯುಒಎಫ್‌ಎಫ್2 ರೂಪಕ್ಕೆ ಪರಿವರ್ತಿಸಿ ಕನ್ನಡದ ಭಾಗವನ್ನಷ್ಟೇ ಉಳಿಸಿಕೊಳ್ಳುವುದು ಸರಿಯೇ. ಆದರೆ ಯುನಿಕೋಡ್-ರೇಂಜ್‌ನಲ್ಲಿ ಅಕ್ಷರಗಳ ಜೋಡಣೆ ತೀರ್ಮಾನಿಸುವ ಕಾಣದ ಚಿಹ್ನೆಗಳಾದ 200ಸಿ, 200ಡಿ ಬಿಟ್ಟರೆ ‘ಸಾಫ್ಟ್‌ವೇರ್’ನಂಥ ಪದ ನಡುವೆ ಒಡೆಯುತ್ತದೆ. ರೂಪಾಯಿ ಚಿಹ್ನೆಗೆ 20ಬಿ9 ಸೇರಿಸಿ. ಕೆಲವು ಆನ್‌ಲೈನ್ ಪರಿವರ್ತಕಗಳು ಅಕ್ಷರ ಕೂಡಿಸುವ ಜಿಸಬ್ ಟೇಬಲ್ಲನ್ನೇ ಕಿತ್ತು ಒತ್ತಕ್ಷರಗಳನ್ನು ಬಿಡಿಬಿಡಿ ಮಾಡುತ್ತವೆ, ‘ಕ್ಷ್ಮ’ ಬರೆದು ಪರೀಕ್ಷಿಸಿ. ಫಾಂಟ್ ಬಂದಾಗ ಸಾಲು ಜಿಗಿಯದಂತೆ ಲೈನ್-ಹೈಟ್ ಗಟ್ಟಿಯಾಗಿ ಕಟ್ಟಿ, ಬದಲಿ ಫಾಂಟ್‌ಗೆ ಸೈಜ್-ಅಡ್ಜಸ್ಟ್ ಕೊಡಿ. ಸಣ್ಣ ತಾಣಗಳಿಗೆ ಸರ್ಚ್ ಕನ್ಸೋಲ್‌ನ ಕೋರ್ ವೆಬ್ ವೈಟಲ್ಸ್ (ಪುಟದ ವೇಗ, ಸ್ಥಿರತೆಯ ಅಳತೆ) ವರದಿ ಖಾಲಿ ಇರಬಹುದು, ಕ್ರೋಮ್ ಬ್ರೌಸರಿನ ಲೈಟ್‌ಹೌಸ್‌ನಲ್ಲಿ ಅಳೆಯಿರಿ.

ಜಿಎ4ರ (ಗೂಗಲ್ ಅನಲಿಟಿಕ್ಸ್) ಎಂಗೇಜ್‌ಮೆಂಟ್ ಲೆಕ್ಕ ಎಚ್ಚರದಿಂದ ಓದಬೇಕು. 10 ಸೆಕೆಂಡ್ ದಾಟಿದರೆ, ಎರಡು ಪುಟ ನೋಡಿದರೆ ಅಥವಾ ಕೀ ಈವೆಂಟ್ (ನಾವು ಮುಖ್ಯವೆಂದು ಗುರುತಿಸಿದ ಕ್ರಿಯೆ) ಆದರೆ ಮಾತ್ರ ಎಂಗೇಜ್ಡ್. ಎಂಟು ಸೆಕೆಂಡಿನಲ್ಲಿ ‘ಇದು ಟಬೆಬುಯಾ’ ಎಂದು ತಿಳಿದು ಫೋನ್ ಜೇಬಿಗಿಟ್ಟವರು ಬೌನ್ಸ್ ಆಗಿ ಕಾಣುತ್ತಾರೆ. ಅವರು ಸಂತೋಷದಿಂದ ಹೋದವರು. ಅದಕ್ಕೇ ‘ಇದೇ ಹೂವಾ? ಬೇರೆ ಪಿಂಕ್ ಮರಗಳು’ ಎಂಬ ಮೂರು ಚಿಕ್ಕ ಚಿತ್ರಗಳನ್ನು ಉತ್ತರದ ಕೆಳಗೇ ಇಟ್ಟು, ಅದರ ಮೇಲಿನ ಒತ್ತುವಿಕೆಯನ್ನು ಕೀ ಈವೆಂಟ್ ಮಾಡಿದ್ದು. ಓದುವ ಅಳತೆಗೆ ಅದು ಸೆಕೆಂಡಿಗಿಂತ ನಂಬಿಕೆಯದ್ದು.

‘ತಿಂಗಳಿಗೆ ಇಷ್ಟು ಸಾವಿರ ಕ್ಲಿಕ್ ಕೊಡುತ್ತೇವೆ’ ಎಂದು ಮೇಲ್ ಕಳಿಸುವವರಿಂದ ದೂರವಿರಿ. ಕ್ಲಿಕ್ಕಿಗೆ ಬೆಲೆ ಇರುವುದು ನಿಜ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಪರ್ಧಾನಿಯಮ ಮೊಕದ್ದಮೆಯಲ್ಲಿ ಗೂಗಲ್‌ನ ಪಾಂಡು ನಾಯಕ್ ಸಾಕ್ಷಿ ನುಡಿದಾಗ, 13 ತಿಂಗಳ ಕ್ಲಿಕ್ ದಾಖಲೆ ಬಳಸುವ ನ್ಯಾವ್‌ಬೂಸ್ಟ್ ವ್ಯವಸ್ಥೆಯ ವಿವರ ಹೊರಬಂತು. ಆದರೆ ಯಂತ್ರದಿಂದ ಹುಡುಕಿಸಿ ಒತ್ತಿಸುವುದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ಅದಕ್ಕಿಂತ ದೊಡ್ಡ ನಷ್ಟ, ನಿಮ್ಮ ಸರ್ಚ್ ಕನ್ಸೋಲ್ ಲೆಕ್ಕ ಕೊಳೆತುಹೋಗುತ್ತದೆ. ಯಾವ ಕ್ವೆರಿಯಲ್ಲಿ ನಿಜವಾದ ಓದುಗರು ಮುಖ ತಿರುಗಿಸುತ್ತಿದ್ದಾರೆ ಎಂದು ಆಮೇಲೆ ಹೇಳುವವರೇ ಇರುವುದಿಲ್ಲ. ಆ ಸೊನ್ನೆ ಸಿಕ್ಕಿದ್ದೇ ಲೆಕ್ಕ ಶುದ್ಧವಾಗಿದ್ದುದರಿಂದ.

ಅಳತೆಗೆ ಋತು ಅಡ್ಡ ಬರುತ್ತದೆ. ಪಿಂಕ್ ಹೂ ಉದುರಿದ ಮೇಲೆ ಇಂಪ್ರೆಷನ್ ತಾನಾಗಿ ಇಳಿಯುತ್ತದೆ, ಲಾಲ್‌ಬಾಗ್ ಪುಟ ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಏರುತ್ತದೆ. ಕಳೆದ 28 ದಿನವನ್ನು ಅದರ ಹಿಂದಿನ 28 ದಿನಕ್ಕೆ ಹೋಲಿಸಿದರೆ ಮೋಸ ಹೋಗುತ್ತೀರಿ. ಹಿಂದಿನ ವರ್ಷದ ಅದೇ ವಾರಗಳ ಜೊತೆ, ಅದೇ ಕ್ವೆರಿ, ಹತ್ತಿರದ ಸ್ಥಾನ ಇಟ್ಟು ಸಿಟಿಆರ್ ನೋಡಿ. ಸರ್ಚ್ ಕನ್ಸೋಲ್ ಇಟ್ಟುಕೊಳ್ಳುವುದು 16 ತಿಂಗಳು, ಪರದೆಯಿಂದ ಇಳಿಯುವುದು 1,000 ಸಾಲು. ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿಡಿ. ಒಮ್ಮೆಗೆ ಒಂದೇ ಬದಲಾವಣೆ, ಅದರ ದಿನಾಂಕ ಬರೆದಿಡಿ.

ಹೊಂಗೆ, ಜಕರಾಂಡ ಪುಟಗಳ ಪದಪಟ್ಟಿ ಶೀಟಿಗೆ ಇಳಿದಿದೆ. ‘ಪುನ:’ ಎಂದು ವಿಸರ್ಗಕ್ಕೆ ಕೋಲನ್ ಹಾಕಿದ ಜಾಗಗಳೂ ಸಿಕ್ಕಿವೆ. ಜಯನಗರದ ಪುಟವನ್ನು ಮಾತ್ರ ಸೂತ್ರಕ್ಕೆ ಕೊಡುವುದಿಲ್ಲ, ಅಲ್ಲಿ ಒಂಬತ್ತು ನಿಜವಾಗಿಯೂ ಒಂಬತ್ತೇ.