ಬಾಕ್ಸ್‌ಗೆ ಯಾವ ಬ್ರಾಕೆಟ್?

ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಹರಾಜಾಗುವುದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಅದೇ ಪ್ಲಾಸ್ಟಿಕ್ ಬಾಕ್ಸಿಗೆ ಕ್ಯಾಪ್ಸಿಕಂ ತುಂಬಿದರೂ ಎತ್ತುವ, ಪೇರಿಸುವ, ಎಣಿಸುವ ಕೆಲಸ ಬದಲಾಗುವುದಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಜೆನೆರಿಕ್ಸ್ ಅಂದರೆ ಅಷ್ಟೇ: ಬಾಕ್ಸ್ ಒಂದೇ, ಒಳಗಿನ ಮಾಲಿನ ಟೈಪ್ (ಅದು ಯಾವ ಬಗೆಯ ಡೇಟಾ ಎಂಬುದು) ಬೇರೆ. ಜಗಳವೇನಿದ್ದರೂ ಆ ಟೈಪನ್ನು ಬರೆಯುವ ಬಗೆಯಲ್ಲಿ. `ಬಾಕ್ಸ್<ಟೊಮ್ಯಾಟೊ>` ಅನ್ನೋಣವೋ, `ಬಾಕ್ಸ್[ಟೊಮ್ಯಾಟೊ]` ಅನ್ನೋಣವೋ?

ಆಂಗಲ್ ಬ್ರಾಕೆಟ್ ಪರ ಇರುವ ದೊಡ್ಡ ವಾದ ರೂಢಿಯದು. ಸಿ++ ಹಾಕಿದ ದಾರಿಯಲ್ಲಿ 2004ರಲ್ಲಿ ಜಾವಾ 5, 2005ರಲ್ಲಿ ಸಿ# 2.0 ನಡೆದವು. ಕಣ್ಣಿಗೆ ಏನೂ ತೊಂದರೆಯಿಲ್ಲ, ಒದ್ದಾಡುವುದು ಪಾರ್ಸರ್, ಅಂದರೆ ಕೋಡನ್ನು ಓದಿ ಅದರ ರಚನೆಯನ್ನು ಮರದಂತೆ ಜೋಡಿಸುವ ಭಾಗ. ಈ ಸಾಲು ನೋಡಿ:

`ಕ(ಅ < ಬ, ಗ > (ಚ))`

`ಕ`ಗೆ ಎರಡು ಹೋಲಿಕೆಗಳ ಉತ್ತರ ಕೊಡುತ್ತಿದ್ದೀರೋ, ಇಲ್ಲಾ `ಅ` ಎಂಬ ಜೆನೆರಿಕ್ ಫಂಕ್ಷನ್ನಿಗೆ `ಬ`, `ಗ` ಎಂಬ ಎರಡು ಟೈಪ್ ಕೊಟ್ಟು `ಚ`ಯನ್ನು ಕಳಿಸುತ್ತಿದ್ದೀರೋ? ವ್ಯಾಕರಣದ ಪ್ರಕಾರ ಎರಡೂ ಸರಿ. ಸಿ++ ಇಲ್ಲಿ `ಅ` ಟೆಂಪ್ಲೇಟ್ (ಜೆನೆರಿಕ್‌ಗೆ ಸಿ++ ಇಟ್ಟ ಹೆಸರು) ಹೌದೇ ಎಂದು ಹೆಸರಿನ ಪಟ್ಟಿಯಲ್ಲಿ ಹುಡುಕುತ್ತದೆ. ಸಿ# ಮುಚ್ಚುವ `>` ಆದಮೇಲೆ ಯಾವ ಚಿಹ್ನೆ ಬಂತು ಎಂದು ನೋಡುತ್ತದೆ, `(` ಬಂದರೆ ಜೆನೆರಿಕ್ ಎಂದೇ ಲೆಕ್ಕ. ರಸ್ಟ್ ಆ ಹೊರೆಯನ್ನು ಬರೆಯುವವರ ಮೇಲೆ ಹಾಕಿ, ಎಕ್ಸ್‌ಪ್ರೆಶನ್ (ಬೆಲೆ ಲೆಕ್ಕಹಾಕುವ ಕೋಡಿನ ತುಣುಕು) ಒಳಗೆ `ಅ::<ಬ>(ಚ)` ಎಂದು ಬರೆಸುತ್ತದೆ. ಅದಕ್ಕೆ ಟರ್ಬೋಫಿಶ್ ಎಂಬ ಅಡ್ಡಹೆಸರು ಬೇರೆ. `ಬಾಕ್ಸ್<ಬಾಕ್ಸ್<ಸಂಖ್ಯೆ>>` ಕೊನೆಯ `>>` ಬಿಟ್ಟುಗಳನ್ನು ಸರಿಸುವ ಶಿಫ್ಟ್ ಆಪರೇಟರ್ ಆಗಿಬಿಡುತ್ತಿದ್ದರಿಂದ, 2011ರ ಸ್ಟ್ಯಾಂಡರ್ಡ್ ಬರುವ ತನಕ ಸಿ++ನಲ್ಲಿ ನಡುವೆ ಜಾಗ ಬಿಡಲೇಬೇಕಿತ್ತು.

ಗೋ ಭಾಷೆಯ ಪಟ್ಟು ಬೇರೆ: ಟೈಪ್ ಮಾಹಿತಿ ಇಲ್ಲದೆಯೇ ಪಾರ್ಸ್ ಆಗಬೇಕು. ಆಂಗಲ್ ಬ್ರಾಕೆಟ್ ಅಲ್ಲಿಗೇ ಬಿತ್ತು. ಮೊದಲು ದುಂಡು ಬ್ರಾಕೆಟ್ ಇಟ್ಟು ನೋಡಿದರು; ಫಂಕ್ಷನ್ ತಲೆಯಲ್ಲೇ ಬ್ರಾಕೆಟ್ಟುಗಳ ಸಾಲು ನಿಂತಿತು. 2022ರ ಮಾರ್ಚಿನಲ್ಲಿ ಗೋ 1.18 ಆವೃತ್ತಿ ಬಂದಾಗ ಇದ್ದದ್ದು ಸ್ಕ್ವೇರ್ ಬ್ರಾಕೆಟ್.

`ಅ[ಬ]` ಅರೇ ಇಂಡೆಕ್ಸೂ (ಪಟ್ಟಿಯ ಇಂತಿಷ್ಟನೇ ವಸ್ತು) ಆಗಬಹುದಲ್ಲ ಎಂಬ ಆಕ್ಷೇಪ ಇದ್ದದ್ದೇ. ಆಗಲಿ ಬಿಡಿ. ಎರಡರಲ್ಲೂ ಪಾರ್ಸರ್ ಕಟ್ಟುವ ಮರದ ಆಕಾರ ಒಂದೇ, ಅರ್ಥವನ್ನು ಟೈಪುಗಳನ್ನು ಪರೀಕ್ಷಿಸುವ ಟೈಪ್ ಚೆಕರ್ ಆಮೇಲೆ ಬಿಡಿಸುತ್ತದೆ. ಆಂಗಲ್ ಬ್ರಾಕೆಟ್ಟಿನಲ್ಲಿ ಮರದ ಆಕಾರವೇ ಬದಲಾಗುತ್ತದೆ. ಹೊಸ ಭಾಷೆ ಕಟ್ಟುವವರಿಗೆ ನಾನು ಸ್ಕ್ವೇರ್ ಬ್ರಾಕೆಟ್ ಅನ್ನುವುದು ಇದೇ ಕಾರಣಕ್ಕೆ. ಸ್ಕಾಲಾ ಭಾಷೆ ಇನ್ನೂ ಅಚ್ಚುಕಟ್ಟು: ಸ್ಕ್ವೇರ್ ಬ್ರಾಕೆಟ್ ಟೈಪಿಗೆ ಮಾತ್ರ, ಇಂಡೆಕ್ಸಿಗೆ `ಅ(0)`.

ಗೋದಲ್ಲೂ ಒಂದು ಮುಳ್ಳು ಉಳಿದಿದೆ. ಟೈಪ್ ಘೋಷಿಸುವಾಗ `ಪ` ಟೈಪ್ ಪ್ಯಾರಾಮೀಟರ್ (ಆಮೇಲೆ ತುಂಬುವ ಟೈಪಿನ ಹೆಸರು) ಎಂದುಕೊಂಡು ಹೆಸರಿನ ಮುಂದೆ `[ಪ *ಚ]` ಬರೆದರೆ ಕಂಪೈಲರ್ ಅದನ್ನು ಪ ಗುಣಿಸು ಚ ಉದ್ದದ ಅರೇ ಎಂದು ಓದುತ್ತದೆ. ಕೊನೆಗೊಂದು ಅಲ್ಪವಿರಾಮ ಸೇರಿಸಿ `[ಪ *ಚ,]` ಎಂದರೆ ಸರಿಹೋಗುತ್ತದೆ.

ಅಂದಹಾಗೆ, `ಬಾಕ್ಸ್` ಎಂಬ ಹೆಸರು ಗೋದಲ್ಲಿ ಓಡುವುದೇ ಇಲ್ಲ. ಹೆಸರಿನಲ್ಲಿ ಯೂನಿಕೋಡ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಇರಬಹುದು. ನಮ್ಮ ದೀರ್ಘದ ಗುರುತು, ಒತ್ತಿನ ಗುರುತು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರಗಳಲ್ಲ. `ಅ`, `ಬ`, `ಕ` ನಡೆಯುತ್ತವೆ. ಪೈಥಾನ್ 3, ರಸ್ಟ್ ಎರಡರಲ್ಲೂ `ಬಾಕ್ಸ್` ಸಲೀಸು.