ಗೆರೆ ಹಿಡಿದು ಓಡುವ ಗಾಡಿ

ನಮ್ಮ ಶಾಲೆಯ ಅಟಲ್ ಲ್ಯಾಬ್‌ನಲ್ಲಿ (ಮಕ್ಕಳು ತಾವೇ ಮಾಡಿ ಕಲಿಯಲು ಕೇಂದ್ರ ಸರ್ಕಾರದ ನೆರವಿನ ಪ್ರಯೋಗಾಲಯ) ಇವತ್ತು ಎಂಟನೇ ಕ್ಲಾಸಿನ ಮಕ್ಕಳ ಪುಟ್ಟ ರೋಬೋ ಓಡಿತು. ಬಿಳಿ ಚಾರ್ಟ್ ಮೇಲೆ ಕಪ್ಪು ಟೇಪಿನ ದಾರಿ. ಮೊದಲು ಎಲ್ಲಾ ಸರಿ ಇತ್ತು, ಕಿಟಕಿ ಪಕ್ಕದ ತಿರುವಿಗೆ ಬಂದರೆ ಮಾತ್ರ ದಾರಿ ತಪ್ಪುತ್ತಿತ್ತು. ಕೋಡ್ ತಿದ್ದಿದರೂ ಅಷ್ಟೇ. ಕೊನೆಗೆ ಒಬ್ಬ ಹುಡುಗಿ, "ಬಿಸಿಲು ಬೀಳ್ತಿರೋದು ಅಲ್ಲೇ ಅಲ್ವಾ ಮೇಡಂ?" ಅಂದಳು. ಹೌದು, ಗಾಡಿಯ ಸೆನ್ಸರ್ ಗೆರೆ ಗುರುತಿಸುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ. ಬಿಸಿಲಲ್ಲೂ ಅದೇ ಇರುತ್ತದೆ, ಹಾಗಾಗಿ ಸೆನ್ಸರ್‌ಗೆ ಗೆರೆ ಯಾವುದು ಅಂತ ತಿಳಿಯುವುದಿಲ್ಲ. ಅವಳೇ ಕಪ್ಪು ಕಾಗದ ಕತ್ತರಿಸಿ ಸೆನ್ಸರ್ ಸುತ್ತ ಮರೆ ಅಂಟಿಸಿದಳು. ಗಾಡಿ ಸಲೀಸಾಗಿ ತಿರುಗಿತು!

ಸ್ಪರ್ಧೆಗೆ ಕರೆದುಕೊಂಡು ಹೋಗುವುದೂ ನನಗೆ ಇದಕ್ಕೇ ಇಷ್ಟ. ಬಹುಮಾನದ ಯೋಚನೆಗಿಂತ ಜಾಸ್ತಿ, ಮಕ್ಕಳು ಬೇರೆ ಶಾಲೆಯವರ ಗಾಡಿ ಬಗ್ಗಿ ನೋಡಿ ಪ್ರಶ್ನೆ ಕೇಳುತ್ತಾರೆ. 2016ರಲ್ಲಿ ಶುರುವಾದ ಈ ಲ್ಯಾಬ್‌ಗಳು 6ರಿಂದ 12ನೇ ಕ್ಲಾಸಿನವರಿಗೆ. ನಿಮ್ಮ ಊರಿನ ಶಾಲೆಯಲ್ಲಿದ್ದರೆ ಒಮ್ಮೆ ಹೋಗಿ ಬನ್ನಿ. ನಿಮಗೆ ಬೆಸುಗೆ ಹಾಕುವುದು ಗೊತ್ತಿದ್ದರೆ ಇನ್ನೂ ಒಳ್ಳೆಯದು, ಮಕ್ಕಳಿಗೆ ಕಲಿಸಬಹುದು.